ಹತ್ತು ಚೆಂಡು ಹಾಕಿದವರೂ ಸೋಲುವ ಆಟ: ರೊಟೇಷನ್ ಪೂಲ್ ಅದೃಷ್ಟವೋ, ಕೌಶಲವೋ?

‘ಪೂಲ್ ಆಟ ಬರೀ ಲಕ್ ಮಾರಾಯ’ ಎನ್ನುವವರನ್ನು ನೀವು ಕೇಳಿರುತ್ತೀರಿ. ಅದೇ ಫೋನಿನಲ್ಲಿ ಇನ್ನೊಂದು ಬಗೆಯ ಸಂದೇಶವೂ ಬರುತ್ತದೆ: ‘ಇದು ಜೂಜಲ್ಲ, ಕೌಶಲದ ಆಟ. ಚೆನ್ನಾಗಿ ಆಡಿದರೆ ದಿನವೂ ದುಡ್ಡು ಗಳಿಸಬಹುದು. ಈ ಲಿಂಕ್ ಒತ್ತಿ.’ ಎರಡೂ ಮಾತು ಒಂದಕ್ಕೊಂದು ವಿರುದ್ಧ. ಆದರೂ ಎರಡನ್ನೂ ನಂಬುವವರಿದ್ದಾರೆ, ಹಂಚುವವರೂ ಇದ್ದಾರೆ.

ನಿಜ ಏನು ಎಂದು ನೋಡಲು ಪೂಲ್‌ನಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಅದರ ಹೆಸರು ರೊಟೇಷನ್. ನಿಯಮ ಸರಳ, ಲೆಕ್ಕ ಸ್ವಾರಸ್ಯಕರ. ಅದೃಷ್ಟ ಎಲ್ಲಿ ಮುಗಿಯುತ್ತದೆ, ಕೌಶಲ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಈ ಆಟದಲ್ಲಿ ಅಂಕಿಗಳ ಮೂಲಕವೇ ತೋರಿಸಬಹುದು.

ಚುಟುಕಾಗಿ ಹೇಳುವುದಾದರೆ

• ರೊಟೇಷನ್‌ನಲ್ಲಿ ಹೆಚ್ಚು ಚೆಂಡು ಹಾಕಿದವರು ಗೆಲ್ಲುವುದಿಲ್ಲ, ಹೆಚ್ಚು ಅಂಕ ಪಡೆದವರು ಗೆಲ್ಲುತ್ತಾರೆ.
• ಒಂದು ಹೊಡೆತದಲ್ಲಿ ಅದೃಷ್ಟ ಕೈ ಹಿಡಿಯಬಹುದು. ಹತ್ತಾರು ಆಟಗಳಲ್ಲಿ ಕೌಶಲವೇ ಮೇಲುಗೈ ಸಾಧಿಸುತ್ತದೆ.
• ‘ಕೌಶಲದ ಆಟ’ ಎಂದರೆ ‘ಗಳಿಕೆಯ ದಾರಿ’ ಎಂದರ್ಥವಲ್ಲ. ಇವೆರಡನ್ನು ಬೆರೆಸುವ ಸಂದೇಶ ಬಂದರೆ ಎಚ್ಚರ.

ಮೊದಲು ಒಂದು ಗೊಂದಲ ಬಿಡಿಸೋಣ

ಹಸಿರು ಬಟ್ಟೆ ಹೊದಿಸಿದ ಟೇಬಲ್ ಕಂಡರೆ ನಮ್ಮಲ್ಲಿ ಎಲ್ಲವನ್ನೂ ‘ಸ್ನೂಕರ್’ ಎನ್ನುವ ರೂಢಿ ಇದೆ. ಆದರೆ ಇವು ಮೂರು ಬೇರೆ ಬೇರೆ ಆಟಗಳು. ಇಂಗ್ಲಿಷ್ ಬಿಲಿಯರ್ಡ್ಸ್‌ನಲ್ಲಿ ಮೂರೇ ಚೆಂಡು. ಸ್ನೂಕರ್‌ನಲ್ಲಿ ಬಿಳಿ ಚೆಂಡು ಸೇರಿ 22. ಸ್ನೂಕರ್ ಹುಟ್ಟಿದ್ದು ನಮ್ಮ ದೇಶದಲ್ಲೇ. 1875ರಲ್ಲಿ ಜಬಲ್‌ಪುರದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳು ಇದನ್ನು ಶುರು ಮಾಡಿದರು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಇತಿಹಾಸ.

ಪೂಲ್ ಅಮೆರಿಕದಲ್ಲಿ ಬೆಳೆದ ಆಟ. ಟೇಬಲ್ ಚಿಕ್ಕದು, ಪಾಕೆಟ್‌ಗಳು ಅಗಲ, ಚೆಂಡುಗಳ ಮೇಲೆ 1ರಿಂದ 15ರವರೆಗೆ ಸಂಖ್ಯೆ. 1ರಿಂದ 7 ಪೂರ್ತಿ ಬಣ್ಣದವು, 8 ಕಪ್ಪು, 9ರಿಂದ 15 ಪಟ್ಟೆಯವು. ಇದೇ ಚೆಂಡುಗಳಲ್ಲಿ ಹಲವು ಆಟ ಆಡಬಹುದು. ನಮ್ಮ ಪಾರ್ಲರ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಏಯ್ಟ್ ಬಾಲ್. ರೊಟೇಷನ್ ಅದರ ಅಣ್ಣನಂಥ ಹಳೆಯ ಆಟ. ಟಿವಿಯಲ್ಲಿ ಕಾಣುವ ನೈನ್ ಬಾಲ್ ಮತ್ತು ಟೆನ್ ಬಾಲ್ ಕೂಡ ಇದೇ ಕುಟುಂಬಕ್ಕೆ ಸೇರಿದವು.

ಈ ಆಟವನ್ನು ಉಸಿರಾಗಿಸಿಕೊಂಡ ದೇಶ ಫಿಲಿಪ್ಪೀನ್ಸ್. ಅಲ್ಲಿನ ಬೀದಿ ಬದಿಯ ಪೂಲ್ ಹಾಲ್‌ಗಳಲ್ಲಿ ರೊಟೇಷನ್ ಆಡುತ್ತಾ ಬೆಳೆದವರು ಮುಂದೆ ಜಗತ್ತಿನ ದೊಡ್ಡ ಆಟಗಾರರಾದರು. ಜಪಾನ್‌ನಲ್ಲೂ ಇದಕ್ಕೆ ಒಳ್ಳೆಯ ನೆಲೆ ಇದೆ.

ನಿಯಮಗಳು: ಐದು ನಿಮಿಷದಲ್ಲಿ ಕಲಿಯಬಹುದು

1. ಹದಿನೈದು ಚೆಂಡುಗಳನ್ನು ತ್ರಿಕೋನದಲ್ಲಿ ಜೋಡಿಸುತ್ತಾರೆ. ಎದುರಿನ ತುದಿಯಲ್ಲಿ 1, ಹಿಂದಿನ ಎರಡು ಮೂಲೆಗಳಲ್ಲಿ 2 ಮತ್ತು 3, ನಡುವೆ 15. ಉಳಿದವು ಹೇಗಿದ್ದರೂ ಸರಿ.

2. ಪ್ರತಿ ಹೊಡೆತದಲ್ಲೂ ಬಿಳಿ ಚೆಂಡು ಮೊದಲು ತಾಗಬೇಕಾದ್ದು ಟೇಬಲ್ ಮೇಲಿರುವ ಅತಿ ಚಿಕ್ಕ ಸಂಖ್ಯೆಯ ಚೆಂಡಿಗೆ. 1 ಇದ್ದರೆ 1ಕ್ಕೆ, ಅದು ಹೋದ ಮೇಲೆ 2ಕ್ಕೆ, ಹೀಗೆ.

3. ಮೊದಲ ಸ್ಪರ್ಶ ಸರಿಯಾಗಿದ್ದರೆ ಆ ಹೊಡೆತದಲ್ಲಿ ಪಾಕೆಟ್‌ಗೆ ಬಿದ್ದ ಯಾವ ಚೆಂಡೂ ಲೆಕ್ಕಕ್ಕೆ ಬರುತ್ತದೆ. 1ಕ್ಕೆ ತಾಗಿಸಿ, ಅದು ಹೋಗಿ 15ಕ್ಕೆ ತಾಗಿ, 15 ಬಿದ್ದರೆ ನಿಮಗೆ 15 ಅಂಕ. ಯಾವ ಚೆಂಡು, ಯಾವ ಪಾಕೆಟ್ ಎಂದು ಮೊದಲೇ ಹೇಳಬೇಕಿಲ್ಲ.

4. ಚೆಂಡಿನ ಮೇಲಿನ ಸಂಖ್ಯೆಯೇ ಅದರ ಅಂಕ. ಒಂದಾದರೂ ಚೆಂಡು ಹಾಕಿದರೆ ಆಟ ಮುಂದುವರಿಸಬಹುದು. ಹಾಕದಿದ್ದರೆ ಸರದಿ ಎದುರಾಳಿಗೆ.

5. ಬಿಳಿ ಚೆಂಡು ಪಾಕೆಟ್‌ಗೆ ಬಿದ್ದರೆ, ಬೇರೆ ಚೆಂಡಿಗೆ ಮೊದಲು ತಾಗಿದರೆ, ಅಥವಾ ಸರಿಯಾಗಿ ತಾಗಿದ ಮೇಲೆ ಯಾವ ಚೆಂಡೂ ಕುಷನ್‌ಗೆ ಮುಟ್ಟದೆ, ಪಾಕೆಟ್‌ಗೂ ಬೀಳದೆ ನಿಂತರೆ ಫೌಲ್. ಫೌಲ್‌ಗೆ ಏನು ಶಿಕ್ಷೆ ಎಂಬುದು ಊರಿಂದೂರಿಗೆ, ಹಾಲ್‌ನಿಂದ ಹಾಲ್‌ಗೆ ಬದಲಾಗುತ್ತದೆ. ಆದ್ದರಿಂದ ಆಟ ಶುರುವಾಗುವ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

6. ಮೊದಲು 61 ಅಂಕ ಮುಟ್ಟಿದವರು ಗೆದ್ದರು.

61 ಏಕೆ? 1ರಿಂದ 15ರವರೆಗೆ ಕೂಡಿಸಿದರೆ 120. ಅದರ ಅರ್ಧ 60. ಅದಕ್ಕಿಂತ ಒಂದು ಅಂಕ ಹೆಚ್ಚು ಪಡೆದರೆ ಎದುರಾಳಿ ಉಳಿದದ್ದನ್ನೆಲ್ಲ ಹಾಕಿದರೂ ನಿಮ್ಮನ್ನು ಹಿಡಿಯಲಾರ. ಇಬ್ಬರೂ 60ಕ್ಕೆ ನಿಂತರೆ, ಕೊನೆಯ ಚೆಂಡನ್ನು ನಿಯಮದಂತೆ ಹಾಕಿದವರು ಗೆದ್ದಂತೆ.

ಈ ಸಮಬಲ ಎಷ್ಟು ಅಪರೂಪ? ಹದಿನೈದು ಚೆಂಡುಗಳನ್ನು ಇಬ್ಬರ ನಡುವೆ ಹಂಚಲು ಒಟ್ಟು 32,768 ಬಗೆಗಳಿವೆ. ಅವುಗಳಲ್ಲಿ 722ರಲ್ಲಿ ಮಾತ್ರ ಇಬ್ಬರಿಗೂ 60-60 ಬರುತ್ತದೆ. ಪ್ರತಿ ಚೆಂಡೂ ಯಾರಿಗೆ ಬೇಕಾದರೂ ಹೋಗಬಹುದು ಎಂದಿಟ್ಟುಕೊಂಡರೆ ಸುಮಾರು 45 ಆಟಕ್ಕೊಮ್ಮೆ ಹೀಗಾಗಬಹುದು.

ತಪ್ಪು ನಂಬಿಕೆ 1: ಹೆಚ್ಚು ಚೆಂಡು ಹಾಕಿದವರೇ ಗೆಲ್ಲುತ್ತಾರೆ

ಈಗ ಲೆಕ್ಕ ಹಾಕಿ. ಒಬ್ಬರು 1ರಿಂದ 10ರವರೆಗೆ ಒಂದೇ ಸಮನೆ ಹತ್ತು ಚೆಂಡು ಹಾಕಿದರು. ಪಾರ್ಲರ್‌ನಲ್ಲಿ ಚಪ್ಪಾಳೆ. ಅಂಕ ಎಷ್ಟು? 55. ಇನ್ನೂ ಗೆದ್ದಿಲ್ಲ! 11ರಲ್ಲಿ ತಪ್ಪಿದರು. ಎದುರಾಳಿ ಎದ್ದು 11, 12, 13, 14, 15 ಹಾಕಿದರು. ಅವರ ಅಂಕ 65. ಹತ್ತು ಚೆಂಡು ಹಾಕಿದವರು ಸೋತರು, ಐದು ಹಾಕಿದವರು ಗೆದ್ದರು.

ಇದನ್ನು ಮೂರು ಪಾಲು ಮಾಡಿ ನೋಡಿದರೆ ಆಟದ ಗುಟ್ಟು ಬಿಚ್ಚಿಕೊಳ್ಳುತ್ತದೆ:

• 1ರಿಂದ 5: ಒಟ್ಟು 15 ಅಂಕ
• 6ರಿಂದ 10: ಒಟ್ಟು 40 ಅಂಕ
• 11ರಿಂದ 15: ಒಟ್ಟು 65 ಅಂಕ

ಮೊದಲ ಐದು ಚೆಂಡುಗಳ ಬೆಲೆಯೆಲ್ಲ ಸೇರಿ 15ರ ಒಂದೇ ಚೆಂಡಿಗೆ ಸಮ. ಕೊನೆಯ ಐದರಲ್ಲಿ ಅರ್ಧಕ್ಕಿಂತ ಹೆಚ್ಚು ಅಂಕಗಳಿವೆ. ಐದಕ್ಕಿಂತ ಕಡಿಮೆ ಚೆಂಡಿನಲ್ಲಿ ಗೆಲ್ಲಲು ಸಾಧ್ಯವೇ ಇಲ್ಲ, ಏಕೆಂದರೆ ಅತಿ ದೊಡ್ಡ ನಾಲ್ಕು ಸೇರಿದರೂ 54 ಮಾತ್ರ.

ಹಾಗೆಂದು ಚಿಕ್ಕ ಚೆಂಡುಗಳನ್ನು ಕಡೆಗಣಿಸುವಂತಿಲ್ಲ. ಚಿಕ್ಕದನ್ನು ಮುಟ್ಟದೆ ದೊಡ್ಡದರ ಬಳಿ ಹೋಗುವ ಹಾಗಿಲ್ಲವಲ್ಲ! ಚಿಕ್ಕ ಚೆಂಡು ಇಲ್ಲಿ ಸಂಪತ್ತಲ್ಲ, ಬೀಗದ ಕೈ. ಅದನ್ನು ಹಾಕುವುದಕ್ಕಿಂತ, ಹಾಕಿದ ಮೇಲೆ ಬಿಳಿ ಚೆಂಡು ಎಲ್ಲಿ ನಿಲ್ಲುತ್ತದೆ ಎಂಬುದು ಮುಖ್ಯ.

ತಂತ್ರ: ಅಂಕಪಟ್ಟಿ ನೋಡಿ ಆಡುವುದು

ಹೊಸಬರು ಟೇಬಲ್ ನೋಡಿ ಆಡುತ್ತಾರೆ. ಪಳಗಿದವರು ಟೇಬಲ್ ಜೊತೆಗೆ ಅಂಕವನ್ನೂ ನೋಡುತ್ತಾರೆ. ಒಂದು ಸನ್ನಿವೇಶ ತೆಗೆದುಕೊಳ್ಳೋಣ.

ನೀವು ಹಾಕಿದ್ದು 4, 9, 11, 14. ನಾಲ್ಕೇ ಚೆಂಡು, 38 ಅಂಕ. ಎದುರಾಳಿ ಹಾಕಿದ್ದು 1, 2, 3, 5, 6, 7, 8. ಏಳು ಚೆಂಡು, 32 ಅಂಕ. ಟೇಬಲ್ ಮೇಲೆ ಉಳಿದದ್ದು 10, 12, 13, 15. ನೋಡುವವರಿಗೆ ಎದುರಾಳಿಯೇ ಮುಂದಿದ್ದಂತೆ ಕಾಣುತ್ತದೆ.

ಈಗ ನಿಮಗೆ ಬೇಕಾದ್ದು 23 ಅಂಕ, ಎದುರಾಳಿಗೆ 29. ಉಳಿದ ನಾಲ್ಕರಲ್ಲಿ ಎರಡು ಚೆಂಡುಗಳ ಆರು ಜೋಡಿಗಳಿವೆ. 10 ಮತ್ತು 12 ಬಿಟ್ಟು ಬೇರೆ ಯಾವ ಜೋಡಿ ಸಿಕ್ಕಿದರೂ ನಿಮ್ಮ ಗೆಲುವು. ಎದುರಾಳಿಗಾದರೋ ಅತಿ ದೊಡ್ಡ ಜೋಡಿಯಾದ 13 ಮತ್ತು 15 ಸಿಕ್ಕಿದರೂ 28 ಮಾತ್ರ. ಅವರು 60ಕ್ಕೆ ನಿಲ್ಲುತ್ತಾರೆ. ಮೂರು ಚೆಂಡು ಹಾಕದೆ ನೇರವಾಗಿ ಗೆಲ್ಲಲಾರರು. ಇನ್ನು ನಿಮಗೆ 10 ಮತ್ತು 12, ಅವರಿಗೆ 13 ಮತ್ತು 15 ಹೋದರೆ 60-60. ಆಗ ಕೊನೆಯ ಚೆಂಡು ಯಾರದು ಎಂಬುದರ ಮೇಲೆ ತೀರ್ಮಾನ.

ಬರೀ ಆರು ಅಂಕದ ಅಂತರ ಇಷ್ಟೆಲ್ಲ ಮಾಡುತ್ತದೆ. ಇದು ತಿಳಿದಿದ್ದರೆ ನೀವು ಅವಸರ ಪಡುವುದಿಲ್ಲ. ಕಷ್ಟದ ಹೊಡೆತಕ್ಕೆ ಕೈ ಹಾಕುವ ಬದಲು 10ನ್ನು ಮೆಲ್ಲಗೆ ತಾಗಿಸಿ ಬೇರೆ ಚೆಂಡಿನ ಹಿಂದೆ ಬಿಳಿ ಚೆಂಡನ್ನು ಅಡಗಿಸುತ್ತೀರಿ. ಇದಕ್ಕೆ ‘ಸೇಫ್ಟಿ’ ಎನ್ನುತ್ತಾರೆ. ಎದುರಾಳಿ ಆಗ 10ನ್ನು ಮುಟ್ಟುವುದಕ್ಕೇ ಒದ್ದಾಡಬೇಕು.

ಕೆಲವರು ಸೇಫ್ಟಿಯನ್ನು ಹೇಡಿತನ ಎನ್ನುತ್ತಾರೆ. ಲೆಕ್ಕ ಬೇರೆಯೇ ಹೇಳುತ್ತದೆ. ಪ್ರತಿ ಹೊಡೆತದಲ್ಲೂ ನೂರಕ್ಕೆ 90 ಸಲ ಚೆಂಡು ಹಾಕಬಲ್ಲ ಒಳ್ಳೆಯ ಆಟಗಾರ ಇದ್ದಾನೆ ಎನ್ನಿ. ಸತತ ಐದು ಹಾಕುವ ಸಾಧ್ಯತೆ ಅವನಿಗೆ ನೂರಕ್ಕೆ 59. ಸತತ ಹತ್ತಕ್ಕೆ 35. ಹದಿನೈದಕ್ಕೆ ಸುಮಾರು 21. ನೂರಕ್ಕೆ 80 ಹಾಕುವವನಿಗೆ ಸತತ ಹತ್ತು ಹಾಕುವ ಸಾಧ್ಯತೆ 11ಕ್ಕೂ ಕಡಿಮೆ. ಅಂದರೆ ನಡುವೆ ಎಲ್ಲೋ ಒಂದು ಕಡೆ ತಪ್ಪುವುದು ಬಹುತೇಕ ಖಚಿತ. ರೊಟೇಷನ್‌ನಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ತಪ್ಪುವುದಾದರೆ ಎಲ್ಲಿ ತಪ್ಪಬೇಕು? 3ರಲ್ಲಿ ತಪ್ಪಿದರೆ ನಷ್ಟ ಕಡಿಮೆ. 1ರಿಂದ 10ರವರೆಗೆ ದಾರಿ ಗುಡಿಸಿ ಕೊಟ್ಟು 11ರಲ್ಲಿ ತಪ್ಪಿದರೆ 65 ಅಂಕಗಳನ್ನು ತಟ್ಟೆಯಲ್ಲಿಟ್ಟು ಕೊಟ್ಟಂತೆ. ಆದ್ದರಿಂದಲೇ ಅನುಭವಿಗಳು 9, 10, 11ರ ಆಸುಪಾಸಿನಲ್ಲಿ ಹೆಚ್ಚು ಜಾಗರೂಕರಾಗುತ್ತಾರೆ.

ತಪ್ಪು ನಂಬಿಕೆ 2: ಜೋರಾಗಿ ಹೊಡೆದರೆ ಏನಾದರೂ ಬೀಳುತ್ತದೆ

ಬ್ರೇಕ್ ಹೊಡೆತದಲ್ಲಿ ಬಲ ಬೇಕು, ನಿಜ. ಹದಿನೈದು ಚೆಂಡುಗಳ ಗುಂಪು ಒಡೆಯಬೇಕಲ್ಲ. ಆದರೆ ಆಮೇಲೂ ಹಾಗೆಯೇ ಬೀಸಿದರೆ ಲಾಭಕ್ಕಿಂತ ನಷ್ಟ ಹೆಚ್ಚು. ವೇಗವಾಗಿ ಬರುವ ಚೆಂಡು ಪಾಕೆಟ್‌ನ ಅಂಚಿಗೆ ತಾಗಿದರೆ ಪುಟಿದು ಹೊರಬರುತ್ತದೆ. ಅದೇ ಚೆಂಡು ಮೆಲ್ಲಗೆ ಬಂದಿದ್ದರೆ ಅಂಚು ಸವರಿಕೊಂಡು ಒಳಗೆ ಬಿದ್ದಿರುತ್ತಿತ್ತು. ನಿಧಾನದ ಚೆಂಡಿಗೆ ಪಾಕೆಟ್ ಅಗಲ, ವೇಗದ ಚೆಂಡಿಗೆ ಕಿರಿದು ಎಂದು ಆಟಗಾರರು ಹೇಳುವುದು ಇದಕ್ಕೇ.

ಇನ್ನೊಂದು ಕಾರಣ ರೇಖಾಗಣಿತದ್ದು. ಪೂಲ್ ಚೆಂಡಿನ ವ್ಯಾಸ ಸುಮಾರು 5.7 ಸೆಂ.ಮೀ. ಬಿಳಿ ಚೆಂಡಿನಿಂದ ಒಂದು ಮೀಟರ್ ದೂರದಲ್ಲಿರುವ ಚೆಂಡನ್ನು ನೇರವಾಗಿ ಹೊಡೆಯಲು ಹೊರಟಿದ್ದೀರಿ. ನಿಮ್ಮ ಗುರಿ ಒಂದೇ ಒಂದು ಡಿಗ್ರಿ ತಪ್ಪಿತು ಎನ್ನಿ. ಎದುರಿನ ಚೆಂಡು 17 ಡಿಗ್ರಿಗೂ ಹೆಚ್ಚು ಓರೆಯಾಗಿ ಹೋಗುತ್ತದೆ! ದುಂಡು ವಸ್ತುಗಳು ಡಿಕ್ಕಿಯಾದಾಗ ಚಿಕ್ಕ ತಪ್ಪು ಹೀಗೆ ಹಲವು ಪಟ್ಟು ಹಿಗ್ಗುತ್ತದೆ. ಪಾಕೆಟ್ ಇನ್ನೂ ಒಂದು ಮೀಟರ್ ಆಚೆ ಇದ್ದರೆ, ಚೆಂಡು ಬೀಳಬೇಕಾದರೆ ನಿಮ್ಮ ಗುರಿಯಲ್ಲಿ ಇರಬಹುದಾದ ತಪ್ಪು ಒಂದು ಡಿಗ್ರಿಯ ಸುಮಾರು ಹತ್ತನೇ ಒಂದು ಭಾಗ. ಬಿಳಿ ಚೆಂಡು ಒಂದು ಮೀಟರ್ ಸಾಗುವಷ್ಟರಲ್ಲಿ ಎರಡು ಮಿಲಿಮೀಟರ್‌ನಷ್ಟೂ ಆಚೀಚೆ ಆಗುವಂತಿಲ್ಲ.

ಇದೇ ಲೆಕ್ಕ ‘ಕಾಂಬಿನೇಷನ್’ ಹೊಡೆತಕ್ಕೂ ಅನ್ವಯಿಸುತ್ತದೆ. 1ಕ್ಕೆ ತಾಗಿಸಿ ಅದರಿಂದ 15ನ್ನು ಬೀಳಿಸುವ ಆಸೆ ಯಾರಿಗಿಲ್ಲ? ಆದರೆ ಎರಡು ಡಿಕ್ಕಿಗಳೆಂದರೆ ತಪ್ಪು ಎರಡು ಸಲ ಹಿಗ್ಗುತ್ತದೆ. ಆ ಎರಡು ಚೆಂಡುಗಳ ನಡುವೆ 30 ಸೆಂ.ಮೀ. ದೂರ ಇದ್ದರೆ ಮೊದಲೇ ಹಿಗ್ಗಿದ ತಪ್ಪು ಮತ್ತೆ ಸುಮಾರು ಐದು ಪಟ್ಟಾಗುತ್ತದೆ. ಅವೆರಡೂ ಒಂದಕ್ಕೊಂದು ಅಂಟಿಕೊಂಡಂತಿದ್ದು, ಪಾಕೆಟ್ ಕಡೆಗೇ ಮುಖ ಮಾಡಿದ್ದರೆ ಮಾತ್ರ ಅದು ಸುಲಭ. ಆಗ ಮೊದಲ ಚೆಂಡಿಗೆ ಸ್ವಲ್ಪ ಆಚೀಚೆ ತಾಗಿದರೂ ಎರಡನೆಯದು ಹೆಚ್ಚುಕಡಿಮೆ ಅದೇ ಗೆರೆಯಲ್ಲಿ ಹೋಗುತ್ತದೆ. ಜಾಣ ಆಟಗಾರರು ಬ್ರೇಕ್ ಆದ ಕೂಡಲೇ ಟೇಬಲ್ ಸುತ್ತ ಒಂದು ಸುತ್ತು ಬಂದು ಇಂಥ ಜೋಡಿಗಳನ್ನೇ ಹುಡುಕುತ್ತಾರೆ.

ಬಿಳಿ ಚೆಂಡು ಹೇಳಿದ ಮಾತು ಕೇಳುತ್ತದೆಯೇ?

ರೊಟೇಷನ್‌ನ ನಿಜವಾದ ಪರೀಕ್ಷೆ ಇದೇ. ಏಯ್ಟ್ ಬಾಲ್‌ನಲ್ಲಿ ನಿಮ್ಮ ಪಾಲಿನ ಏಳು ಚೆಂಡುಗಳಲ್ಲಿ ಯಾವುದು ಸುಲಭವೋ ಅದನ್ನು ಆರಿಸಬಹುದು. ರೊಟೇಷನ್‌ನಲ್ಲಿ ಆಯ್ಕೆಯೇ ಇಲ್ಲ. ಮುಂದಿನ ಸಂಖ್ಯೆ ಟೇಬಲ್‌ನ ಆ ತುದಿಯಲ್ಲಿದ್ದರೆ ಬಿಳಿ ಚೆಂಡು ಆ ತುದಿಗೆ ಹೋಗಲೇಬೇಕು.

ಇದು ಮಂತ್ರವಲ್ಲ, ಭೌತಶಾಸ್ತ್ರ. ಫ್ರಾನ್ಸ್‌ನ ವಿಜ್ಞಾನಿ ಕೊರಿಯೊಲಿಸ್ 1835ರಲ್ಲೇ ಬಿಲಿಯರ್ಡ್ಸ್ ಚೆಂಡುಗಳ ಗಣಿತದ ಬಗ್ಗೆ ಒಂದು ಪುಸ್ತಕ ಬರೆದಿದ್ದರು. ಚಂಡಮಾರುತಗಳು ಸುತ್ತುವ ದಿಕ್ಕನ್ನು ವಿವರಿಸುವಾಗ ಬರುವ ‘ಕೊರಿಯೊಲಿಸ್ ಪರಿಣಾಮ’ ಇದೇ ಕೊರಿಯೊಲಿಸ್ ಹೆಸರಿನದು. ಮನೆಗೆ ಒಯ್ಯಬಹುದಾದ ಸೂತ್ರಗಳು ಮೂರು:

• ಬಿಳಿ ಚೆಂಡು ಉರುಳದೆ ಜಾರುತ್ತಾ ಬಂದು ಇನ್ನೊಂದಕ್ಕೆ ಓರೆಯಾಗಿ ತಾಗಿದರೆ, ಎರಡೂ ಚೆಂಡುಗಳು ಹೆಚ್ಚುಕಡಿಮೆ 90 ಡಿಗ್ರಿ ಕೋನದಲ್ಲಿ ಬೇರೆಯಾಗುತ್ತವೆ. ಎರಡರ ತೂಕವೂ ಒಂದೇ ಆಗಿರುವುದರಿಂದ ಹೀಗಾಗುತ್ತದೆ.
• ಸಹಜವಾಗಿ ಉರುಳುತ್ತಾ ಬಂದು ತೀರಾ ನೇರವೂ ಅಲ್ಲದೆ, ತೀರಾ ಅಂಚಿಗೂ ಅಲ್ಲದೆ ತಾಗಿದರೆ, ಬಿಳಿ ಚೆಂಡು ತನ್ನ ಮೊದಲಿನ ದಾರಿಯಿಂದ ಸುಮಾರು 30 ಡಿಗ್ರಿ ತಿರುಗುತ್ತದೆ.
• ನಡುಮಧ್ಯಕ್ಕಿಂತ ಕೆಳಗೆ ಹೊಡೆದರೆ ಹಿಮ್ಮುಖ ಸ್ಪಿನ್ ಬಂದು, ನೇರ ಹೊಡೆತದ ನಂತರ ಚೆಂಡು ಹಿಂದಕ್ಕೆ ಬರುತ್ತದೆ. ಮೇಲೆ ಹೊಡೆದರೆ ಮುಂದಕ್ಕೆ ಹಿಂಬಾಲಿಸುತ್ತದೆ.

ಕೆಳಗೆ ಅಥವಾ ಪಕ್ಕಕ್ಕೆ ಹೊಡೆದಾಗ ಕ್ಯೂ ತುದಿ ಜಾರಬಾರದು. ಅದಕ್ಕೇ ಚಾಕ್ ಹಚ್ಚುವುದು. ಅದು ಶಾಲೆಯ ಸೀಮೆಸುಣ್ಣ ಅಲ್ಲ. ಸಿಲಿಕಾ ಮತ್ತು ಉಜ್ಜುವ ಗುಣದ ಗಟ್ಟಿ ಖನಿಜ ಬೆರೆಸಿ ಮಾಡಿದ್ದು. ಇದರ ಪೇಟೆಂಟ್ 1897ರದು. ಚಾಕ್ ತಾನೇ ಸ್ಪಿನ್ ಕೊಡುವುದಿಲ್ಲ; ಹಿಡಿತ ಕೊಡುತ್ತದೆ ಅಷ್ಟೇ.

ಹಾಗಾದರೆ ಅದೃಷ್ಟದ ಪಾಲು ಇಲ್ಲವೇ?

ಇದೆ. ಯಾವ ಚೆಂಡು ಎಲ್ಲಿ ಬೀಳುತ್ತದೆ ಎಂದು ಮೊದಲೇ ಹೇಳಬೇಕಿಲ್ಲವಾದ್ದರಿಂದ, 2ಕ್ಕೆ ಗುರಿಯಿಟ್ಟು ತಪ್ಪಿ, ಎಲ್ಲೋ ಸುತ್ತಿ 14 ಬಿದ್ದರೂ ಅಂಕ ನಿಮ್ಮದೇ. ಪಾರ್ಲರ್ ಭಾಷೆಯಲ್ಲಿ ಇದು ‘ಫ್ಲೂಕ್’. ಒಂದು ಆಟದ ಫಲಿತಾಂಶವನ್ನೇ ಇದು ತಿರುಗಿಸಬಹುದು.

ಆದರೆ ಆಟಗಳ ಸಂಖ್ಯೆ ಹೆಚ್ಚಿದಂತೆ ಫ್ಲೂಕ್‌ಗಳು ಇಬ್ಬರಿಗೂ ಹಂಚಿಹೋಗುತ್ತವೆ. ಒಬ್ಬರು ಒಂದು ಆಟ ಗೆಲ್ಲುವ ಸಾಧ್ಯತೆ ನೂರಕ್ಕೆ 60 ಎಂದಿಟ್ಟುಕೊಳ್ಳಿ. ಒಂದೇ ಆಟ ಆಡಿದರೆ ಎದುರಾಳಿಗೂ 40ರಷ್ಟು ಅವಕಾಶ ಇದೆ. ಮೊದಲು ಏಳು ಆಟ ಗೆದ್ದವರು ವಿಜಯಿ ಎಂದರೆ, ಮೊದಲಿನವರ ಸಾಧ್ಯತೆ ನೂರಕ್ಕೆ 77ಕ್ಕೆ ಏರುತ್ತದೆ. ದೊಡ್ಡ ಟೂರ್ನಿಗಳಲ್ಲಿ ಒಂದೇ ಆಟಕ್ಕೆ ತೀರ್ಮಾನ ಮಾಡದೆ ಹಲವು ಆಟ ಆಡಿಸುವುದು ಇದೇ ಕಾರಣಕ್ಕೆ.

ಕೌಶಲ ಎಂದರೆ ಏನು ಎಂಬುದಕ್ಕೆ ಫಿಲಿಪ್ಪೀನ್ಸ್‌ನ ಎಫ್ರೆನ್ ರೇಯೆಸ್ ದೊಡ್ಡ ಉದಾಹರಣೆ. 1954ರಲ್ಲಿ ಪಂಪಾಂಗ ಪ್ರಾಂತ್ಯದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಮನಿಲಾಗೆ ಬಂದು ಬಂಧುವೊಬ್ಬರ ಪೂಲ್ ಹಾಲ್‌ನಲ್ಲಿ ಬೆಳೆದವರು. ‘ಮಾಂತ್ರಿಕ’ ಎಂಬುದು ಅವರ ಅಡ್ಡಹೆಸರು. 1995ರಲ್ಲಿ ಅಮೆರಿಕದ ರೀನೊ ನಗರದಲ್ಲಿ ನಡೆದ ಟೂರ್ನಿಯಲ್ಲಿ, ಅಡಗಿಕೊಂಡಿದ್ದ ಚೆಂಡನ್ನು ಎರಡು ಕುಷನ್‌ಗಳಿಗೆ ತಾಗಿಸಿ ಬಂದ ಬಿಳಿ ಚೆಂಡಿನಿಂದ ಪಾಕೆಟ್‌ಗೆ ಹಾಕಿದ ಅವರ ಹೊಡೆತದ ವಿಡಿಯೊ ಇಂದಿಗೂ ಓಡಾಡುತ್ತದೆ. ‘ಲಕ್’ ಎಂದು ಬರೆದು ಅದನ್ನು ಹಂಚುವವರಿದ್ದಾರೆ. ಆದರೆ ಚಿಕ್ಕ ಸಂಖ್ಯೆಗೆ ಮೊದಲು ತಾಗಲೇಬೇಕೆಂಬ ನಿಯಮದಲ್ಲಿ ಬೆಳೆದವರಿಗೆ ಅಡಗಿದ ಚೆಂಡನ್ನು ಕುಷನ್ ಮೂಲಕ ಹುಡುಕುವುದು ನಿತ್ಯದ ಅಭ್ಯಾಸ. 1999ರಲ್ಲಿ ಅವರು ಕಾರ್ಡಿಫ್‌ನಲ್ಲಿ ವಿಶ್ವ ನೈನ್ ಬಾಲ್ ಪ್ರಶಸ್ತಿ ಗೆದ್ದರು.

ನಮ್ಮಲ್ಲೂ ಇಂಥ ಸಾಧಕರಿದ್ದಾರೆ. 2006ರ ದೋಹಾ ಮತ್ತು 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟಗಳಲ್ಲಿ ಬಿಲಿಯರ್ಡ್ಸ್ ಚಿನ್ನ ಗೆದ್ದ ಬೆಂಗಳೂರಿನ ಪಂಕಜ್ ಅಡ್ವಾಣಿ ಆಡುವುದು ಬಿಲಿಯರ್ಡ್ಸ್ ಮತ್ತು ಸ್ನೂಕರ್. ಆದರೆ ಬಿಳಿ ಚೆಂಡನ್ನು ಹಿಡಿತದಲ್ಲಿಡುವ ವಿದ್ಯೆ ಅದೇ. ವರ್ಷವರ್ಷವೂ ಅದೇ ಹೆಸರುಗಳು ಗೆಲ್ಲುವುದನ್ನು ಅದೃಷ್ಟ ಎಂದು ವಿವರಿಸಲಾಗದು.

ತಪ್ಪು ನಂಬಿಕೆ 3: ಕೌಶಲದ ಆಟ, ಆದ್ದರಿಂದ ದುಡ್ಡು ಗ್ಯಾರಂಟಿ

ಈಗ ಮುಖ್ಯ ವಿಷಯಕ್ಕೆ ಬರೋಣ. ‘ಕೌಶಲದ ಆಟ’ ಎಂಬ ಪದದ ಅರ್ಥವನ್ನು ವಿವರಿಸಿದ್ದು ನ್ಯಾಯಾಲಯಗಳು. 1957ರ ಚಾಮರ್‌ಬಾಗ್‌ವಾಲಾ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಕೌಶಲವೇ ಪ್ರಧಾನವಾದ ಸ್ಪರ್ಧೆ ಜೂಜಲ್ಲ ಎಂಬ ಅಳತೆಗೋಲು ಕೊಟ್ಟಿತು. 1968ರಲ್ಲಿ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದಿತು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ, 2022ರ ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು.

ಆ ಮೇಲೆ ಚಿತ್ರ ಬದಲಾಗಿದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ಕೌಶಲದ್ದಾದರೂ, ಅದೃಷ್ಟದ್ದಾದರೂ ನಿಷಿದ್ಧ ಎಂದು ಅದು ಹೇಳುತ್ತದೆ. ಇಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು ಮತ್ತು 1 ಕೋಟಿ ರೂಪಾಯಿವರೆಗೆ ದಂಡ, ಜಾಹೀರಾತು ಮಾಡುವವರಿಗೆ 2 ವರ್ಷದವರೆಗೆ ಜೈಲು ಮತ್ತು 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಇದೆ. ಹಣ ಪಣಕ್ಕಿಡದೆ ಆಡುವ ಇ-ಸ್ಪೋರ್ಟ್ಸ್ ಮತ್ತು ಮನರಂಜನೆಯ ಆಟಗಳಿಗೆ ಅಡ್ಡಿಯಿಲ್ಲ. ಆದ್ದರಿಂದ ‘ಕೌಶಲದ ಆಟ, ಕೋರ್ಟೇ ಒಪ್ಪಿದೆ’ ಎಂದು ಹಳೆಯ ತೀರ್ಪು ತೋರಿಸಿ ದುಡ್ಡು ಕಟ್ಟಲು ಕರೆಯುವ ಸಂದೇಶ ಅರ್ಧ ಸತ್ಯ.

ಕಾನೂನು ಪಕ್ಕಕ್ಕಿಟ್ಟರೂ ಲೆಕ್ಕ ನಿಮ್ಮ ಪರವಾಗಿಲ್ಲ. ಇಬ್ಬರು ತಲಾ 100 ರೂಪಾಯಿ ಕಟ್ಟಿ ಆಡುತ್ತಾರೆ, ನಡೆಸುವವರು 20 ರೂಪಾಯಿ ಇಟ್ಟುಕೊಂಡು ಗೆದ್ದವರಿಗೆ 180 ಕೊಡುತ್ತಾರೆ ಎನ್ನಿ. ಇಬ್ಬರೂ ಸಮಬಲದವರಾದರೆ ಪ್ರತಿ ಆಟಕ್ಕೆ ಸರಾಸರಿ ತಲಾ 10 ರೂಪಾಯಿ ಕಳೆದುಕೊಳ್ಳುತ್ತಾರೆ. ಬರೀ ಹಾಕಿದ ದುಡ್ಡು ವಾಪಸ್ ಬರಲು ನೀವು ನೂರಕ್ಕೆ ಸುಮಾರು 56 ಆಟ ಗೆಲ್ಲಬೇಕು. ನಿಮ್ಮಂತೆಯೇ ಆಡುವವರನ್ನು ಎದುರಿಗೆ ಕೂರಿಸಿದರೆ ಅದು ಸಾಧ್ಯವಿಲ್ಲ. ಖಚಿತವಾಗಿ ಗಳಿಸುವವರು ಒಬ್ಬರೇ: ಪ್ರತಿ ಆಟಕ್ಕೂ 20 ರೂಪಾಯಿ ತೆಗೆದಿಡುವವರು.

ಎದುರಿಗೆ ಯಾರಿದ್ದಾರೆ ಎಂಬುದು ಇನ್ನೊಂದು ಪ್ರಶ್ನೆ. ಎಫ್ರೆನ್ ರೇಯೆಸ್ 1985ರಲ್ಲಿ ಅಮೆರಿಕಕ್ಕೆ ಹೋದಾಗ ತಮ್ಮ ಹೆಸರು ಬಿಟ್ಟು ಸೀಸರ್ ಮೊರಾಲೆಸ್ ಎಂಬ ಹೆಸರಿನಲ್ಲಿ ಆಡಿದ್ದರು. ಅಲ್ಲಿನವರು ಎದುರಿಗಿರುವುದು ಯಾರೋ ಅಪರಿಚಿತ ಎಂದುಕೊಂಡೇ ಆಟಕ್ಕಿಳಿದಿದ್ದರು. ಅಲ್ಲಿ ಕನಿಷ್ಠ ಒಬ್ಬ ಮನುಷ್ಯ ಕಣ್ಣೆದುರು ನಿಂತಿದ್ದ. ಫೋನಿನ ಪರದೆಯಲ್ಲಿ ಒಂದು ಹೆಸರು, ಒಂದು ಚಿತ್ರ ಮಾತ್ರ. ಆಚೆ ಇರುವುದು ನಿಮ್ಮಂಥವರೋ, ಪಳಗಿದ ಆಟಗಾರನೋ, ಅಥವಾ ಒಂದು ಪ್ರೋಗ್ರಾಂ ಮಾತ್ರವೋ ತಿಳಿಯುವ ದಾರಿ ನಿಮಗಿಲ್ಲ. ಅಲ್ಲಿ ಚೆಂಡು ಉರುಳುವುದು ಕೂಡ ಬಟ್ಟೆಯ ಮೇಲಲ್ಲ, ಯಾರೋ ಬರೆದ ಕೋಡ್ ಮೇಲೆ.

ಪಾರ್ಲರ್‌ನಲ್ಲಿ ‘ಸೋತವರು ಟೇಬಲ್ ಚಾರ್ಜ್ ಕೊಡುವುದು’ ಎಂಬ ರೂಢಿ ಗೆಳೆಯರ ನಡುವೆ ಇದೆ. ಅಲ್ಲಿ ನಷ್ಟಕ್ಕೆ ಒಂದು ಮಿತಿ ಇರುತ್ತದೆ, ಹೊತ್ತಾದರೆ ಹಾಲ್ ಮುಚ್ಚುತ್ತದೆ. ಫೋನಿಗೆ ಮುಚ್ಚುವ ಹೊತ್ತೇ ಇಲ್ಲ. ಹೋದ ಹಣ ವಾಪಸ್ ತೆಗೆಯಬೇಕೆಂದು ಮತ್ತೆ ಮತ್ತೆ ಕಟ್ಟುವ ಚಾಳಿ ಅಲ್ಲೇ ಶುರುವಾಗುವುದು.

ಫಾರ್ವರ್ಡ್ ಮಾಡುವ ಮುನ್ನ

‘ಪೂಲ್ ಆಡಿ ಗಳಿಸಿ’ ಎಂಬ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿ. ಆಡಲು ದುಡ್ಡು ಕಟ್ಟಬೇಕೇ? ಪ್ರತಿ ಆಟದಿಂದ ನಡೆಸುವವರು ಎಷ್ಟು ಇಟ್ಟುಕೊಳ್ಳುತ್ತಾರೆ? ಆ್ಯಪ್ ಬಂದದ್ದು ಅಧಿಕೃತ ಸ್ಟೋರ್‌ನಿಂದಲೋ, ಯಾರೋ ಕಳಿಸಿದ ಲಿಂಕ್‌ನಿಂದಲೋ? ಒಂದಕ್ಕಾದರೂ ಉತ್ತರ ಅನುಮಾನ ಹುಟ್ಟಿಸಿದರೆ ಆ ಸಂದೇಶ ನಿಮ್ಮಲ್ಲೇ ನಿಲ್ಲಲಿ. ಈಗಾಗಲೇ ಹಣ ಕಳೆದುಕೊಂಡಿದ್ದು, ಮೋಸ ಎನಿಸಿದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ತಿಳಿಸುತ್ತೀರೋ ಹಣ ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು.

ಆಟ ಆಡಬೇಕೆನಿಸಿದರೆ ಹತ್ತಿರದ ಪಾರ್ಲರ್‌ಗೆ ಹೋಗಿ, ಗೆಳೆಯರ ಜೊತೆ ಒಂದು ಸಲ ಏಯ್ಟ್ ಬಾಲ್ ಬದಲು ರೊಟೇಷನ್ ಆಡಿ ನೋಡಿ. ಅಂಕ ಬರೆಯಲು ಒಂದು ಹಾಳೆ ಸಾಕು. ಹತ್ತು ಚೆಂಡು ಹಾಕಿ ಬೀಗುತ್ತಿರುವ ಗೆಳೆಯನಿಗೆ ‘ನಿನ್ನದು 55 ಕಣೋ, ಇನ್ನೂ 65 ಬಾಕಿ ಇದೆ’ ಎಂದು ಹೇಳುವ ಅವಕಾಶ ನಿಮಗೂ ಸಿಗಬಹುದು.